ಬಸ್ಸಿನಲ್ಲಿ ಕಲಿತ ಬಲಗೈ ನಿಯಮ

ನಂಜನಗೂಡಿನ ಕಾಲೇಜಿನಲ್ಲಿ ನಾನು ಬಿ.ಎಸ್ಸಿ. ಮೊದಲ ವರ್ಷ ಓದುತ್ತಿದ್ದಾಗ, ಮೊದಲ ಇಂಟರ್ನಲ್ಸ್ ಫಲಿತಾಂಶವನ್ನು ನೋಟಿಸ್ ಬೋರ್ಡಿಗೆ ಅಂಟಿಸಿದ ದಿನ ಫಿಸಿಕ್ಸಿನಲ್ಲಿ ನನಗೆ ಮೂವತ್ತಕ್ಕೆ ಹನ್ನೊಂದು ಬಂದಿತ್ತು. ನಾನು ಅಳಲಿಲ್ಲ. ಅಳುವುದಕ್ಕೆ ಅಲ್ಲಿ ಜಾಗವೂ ಇರಲಿಲ್ಲ. ನನಗಿಂತ ಮೊದಲು ಬಂದವರು ಬೋರ್ಡಿನ ಮುಂದೆ ಆಗಲೇ ಆ ಕೆಲಸ ಶುರು ಮಾಡಿದ್ದರು. ಒಬ್ಬಳು ಪಟ್ಟಿಯ ಫೋಟೊ ತೆಗೆದು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದಳು, ಹಿಗ್ಗಿಸಿದರೆ ಅಂಕವೂ ದೊಡ್ಡದಾದೀತು ಎಂಬಂತೆ. ಬಿಳಿಗೆರೆ ಕಡೆಯ ಹುಡುಗನೊಬ್ಬ ಸಿಲಬಸ್ಸಿನಲ್ಲಿ ಇಲ್ಲದ್ದನ್ನೆಲ್ಲ ಕೇಳಿದ್ದಾರೆಂದು ಸಾರುತ್ತಿದ್ದ. ಸಿಲಬಸ್ಸಿನಲ್ಲಿ ಏನಿದೆ ಎಂದು ಅವನನ್ನು ಯಾರೂ ಕೇಳಲಿಲ್ಲ. ಇನ್ನಿಬ್ಬರು ಮಾತಿಲ್ಲದೆ ಬ್ಯಾಗು ಹೆಗಲಿಗೇರಿಸಿ ದೇವಸ್ಥಾನದ ಕಡೆ ನಡೆದರು.

ನನಗೆ ಬಂದದ್ದು ಸಿಟ್ಟು. ಓದದೆ ಹನ್ನೊಂದು ಬಂದಿದ್ದರೆ ಅದು ನನಗೆ ತಕ್ಕದ್ದೇ ಎಂದು ಸುಮ್ಮನಿರುತ್ತಿದ್ದೆ. ಆದರೆ ನಾವು ಓದಿದ್ದೆವು. ಹುಲ್ಲಹಳ್ಳಿ ಕಡೆಯಿಂದ ಒಂದೇ ಬಸ್ಸಿಗೆ ಬರುವ ನಾವು ಏಳು ಜನ, ಹುಡುಗರು ಹುಡುಗಿಯರು ಸೇರಿ, ನಿಂತುಕೊಂಡೇ ಓದಿದ್ದೆವು.

ನಿಂತುಕೊಂಡು ಎಂದರೆ ನಿಜವಾಗಿಯೇ ನಿಂತುಕೊಂಡು. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಬೆಳಗಿನ ಆ ಬಸ್ಸಿನಲ್ಲಿ ಸೀಟು ಸಿಗುವುದೆಂದರೆ ಲಾಟರಿ. ಅದು ಹುಲ್ಲಹಳ್ಳಿಗೆ ಬರುವ ಹೊತ್ತಿಗೇ ತುಂಬಿರುತ್ತಿತ್ತು. ನಾವು ಹಿಂದಿನ ಬಾಗಿಲ ಹತ್ತಿರ ಒಂದು ಗುಂಪಾಗಿ ನುಗ್ಗಿ, ಮೇಲಿನ ಕಂಬಿ ಹಿಡಿದು ನೇತಾಡಿಕೊಂಡು ನಂಜನಗೂಡು ಮುಟ್ಟುತ್ತಿದ್ದೆವು. ಏಳೂ ಜನ ಕನ್ನಡ ಮೀಡಿಯಮ್ಮಿನವರು. ಕಾಲೇಜಿನಲ್ಲಿ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಕ್ಲಾಸಿನಲ್ಲಿ ಕೂತಿದ್ದಾಗ ತಲೆಯಾಡಿಸುತ್ತಿದ್ದೆವು, ಆಚೆ ಬಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಹಾಗಾಗಿ ಒಂದು ಏರ್ಪಾಡು ಮಾಡಿಕೊಂಡೆವು. ಒಬ್ಬೊಬ್ಬರು ಒಂದೊಂದು ವಿಷಯ ಮನೆಯಲ್ಲಿ ಚೆನ್ನಾಗಿ ಓದಿ, ಬೆಳಗಿನ ಬಸ್ಸಿನಲ್ಲಿ ಉಳಿದವರಿಗೆ ಕನ್ನಡದಲ್ಲಿ ಹೇಳಿಕೊಡಬೇಕು. ಕೆಮಿಸ್ಟ್ರಿ ನನ್ನ ತಲೆಗೆ ಬಂತು. ಫಿಸಿಕ್ಸನ್ನು ನನ್ನ ಗೆಳತಿ ತೆಗೆದುಕೊಂಡಳು.

ಈ ಗೆಳತಿಯ ವಿಷಯ ಹೇಳಬೇಕು, ಏಕೆಂದರೆ ಈ ಕತೆ ಅವಳದೇ. ಹುಲ್ಲಹಳ್ಳಿಯ ಆಚೆಗಿನ ಒಂದು ಸಣ್ಣ ಹಳ್ಳಿಯಿಂದ ನಾಲೆ ಏರಿಯ ಮೇಲೆ ನಡೆದು ಬಂದು ಬಸ್ಸು ಹಿಡಿಯುತ್ತಿದ್ದಳು. ಅವಳ ಮನೆಯಲ್ಲಿ ಡಿಗ್ರಿ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಕಾಲೇಜಿನೊಳಗೆ ಕಾಲಿಟ್ಟರೆ ಬಾಯಿಗೆ ಬೀಗ. ಲೆಕ್ಚರರು ಏನಾದರೂ ಕೇಳಿದರೆ ಎದ್ದು ನಿಂತು ಡೆಸ್ಕ್ ನೋಡುತ್ತಿದ್ದಳು. ಆದರೆ ಬಸ್ಸಿನಲ್ಲಿ, ಇಂಜಿನ್ ಸದ್ದು, ಕಂಡಕ್ಟರ್ ಸೀಟಿ, ಹೆಂಗಸರ ಮಾತು ಎಲ್ಲವನ್ನೂ ಮೀರಿ ಅವಳ ದನಿ ಏಳುತ್ತಿತ್ತು. ಹಿಂದಿನ ಸೀಟಿನ ಅಜ್ಜಿಯೊಬ್ಬರು ದಿನಾ ಅವಳ ಪಾಠ ಕೇಳಿಸಿಕೊಂಡು ಹೂಂಗುಟ್ಟುತ್ತಿದ್ದರು. ನನಗಿಂತ ಅವಳು ಬುದ್ಧಿವಂತೆ ಎಂದು ನಾನು ಸಲೀಸಾಗಿ ಒಪ್ಪುವ ಮನುಷ್ಯಳಲ್ಲ, ಆದರೆ ಅವಳು ಹೇಳಿಕೊಟ್ಟದ್ದು ನನಗೆ ಅರ್ಥವಾಗುತ್ತಿತ್ತು, ಪುಸ್ತಕ ಹೇಳಿದ್ದು ಆಗುತ್ತಿರಲಿಲ್ಲ.

ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಒಂಬತ್ತು ಇತ್ತು. ಪಿಯುಸಿಯಲ್ಲಿ ಫಿಸಿಕ್ಸಿನಲ್ಲಿ ಕಾಲೇಜಿಗೇ ಮೊದಲು ಬಂದಿದ್ದವಳು ಆ ಒಂಬತ್ತನ್ನು ನೋಡಿಕೊಂಡು ಹಾಗೇ ನಿಂತುಬಿಟ್ಟಳು. ನಾನು ಏನೋ ತಮಾಷೆ ಮಾಡಿದೆ. ಅವಳಿಗೆ ಕೇಳಿಸಲಿಲ್ಲ.

ಮಧ್ಯಾಹ್ನ ಅಟೆಂಡರ್ ಬಂದು ನಮ್ಮ ಏಳು ಜನರ ಹೆಸರು ಕೂಗಿ, ಫಿಸಿಕ್ಸ್ ಸರ್ ಕರೀತಿದಾರೆ ಎಂದರು. ಸ್ಟಾಫ್ ರೂಮಿನಲ್ಲಿ ಸರ್ ನಮ್ಮ ಏಳೂ ಉತ್ತರಪತ್ರಿಕೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದ್ದರು. ಅವರು ಕೆಟ್ಟವರೇನಲ್ಲ. ಮೈಸೂರಿನಿಂದ ದಿನಾ ಕಾರಿನಲ್ಲಿ ಬಂದು ಹೋಗುತ್ತಿದ್ದರು, ಪಾಠವನ್ನು ಶ್ರದ್ಧೆಯಿಂದ ಮಾಡುತ್ತಿದ್ದರು, ಕಾಪಿ ಹೊಡೆಯುವವರನ್ನು ಕಂಡರೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ದೊಡ್ಡ ಅಂಕದ ಒಂದು ಲೆಕ್ಕವನ್ನು ಬೆರಳಿಟ್ಟು ತೋರಿಸಿದರು. ಒಂದು ಬಲ ಒಂದು ಸನ್ನೆಗೋಲನ್ನು ತಿರುಗಿಸಿದರೆ ಟಾರ್ಕ್, ಅಂದರೆ ಆ ತಿರುಗುಬಲ, ಯಾವ ದಿಕ್ಕಿಗೆ ಎಂಬ ಪ್ರಶ್ನೆ. ಉತ್ತರ ಮೇಲಕ್ಕೆ ಎಂದು ಬರಬೇಕು. ನಾವು ಏಳೂ ಜನ ಕೆಳಕ್ಕೆ ಎಂದು ಬರೆದಿದ್ದೆವು, ಆ ಕೆಳಕ್ಕೆಯನ್ನೇ ನಂಬಿ ಮುಂದಿನ ಲೆಕ್ಕಗಳನ್ನೂ ಮಾಡಿದ್ದೆವು.

"ಸರಿ ಉತ್ತರವನ್ನ ಏಳು ಜನ ಬರೆದರೆ ನಾನು ಮಾತಾಡಲ್ಲ" ಎಂದರು ಸರ್. "ತಪ್ಪು ಹೇಗಮ್ಮ ಏಳು ಜನಕ್ಕೂ ಒಂದೇ ಥರ ಬರುತ್ತೆ?"

ಉಳಿದವರು ನೆಲ ನೋಡಿದರು. ನನಗೆ ನೆಲ ನೋಡಿ ಅಭ್ಯಾಸವಿಲ್ಲ. ನಾವು ಟೆಸ್ಟ್ ಬರೆದದ್ದು ಎರಡು ಬೇರೆ ಬೇರೆ ರೂಮುಗಳಲ್ಲಿ, ಕಾಪಿ ಹೊಡೆಯುವುದಾದರೂ ಹೇಗೆ ಎಂದು ಕೇಳಿದೆ. ಕಿಸೆಯಲ್ಲಿರುವ ಫೋನಿಗೆ ಗೋಡೆ ಅಡ್ಡ ಬರುತ್ತದೆಯೇ ಎಂದು ಅವರು ತಿರುಗಿ ಕೇಳಿದರು. ನಾವು ಬಸ್ಸಿನಲ್ಲಿ ಒಟ್ಟಿಗೆ ಓದುತ್ತೇವೆ ಎಂದೆ. ಬಸ್ಸಿನಲ್ಲಿ ಮಲಗುತ್ತಾರೆ, ಓದುವುದನ್ನು ನಾನು ಕಂಡಿಲ್ಲ ಎಂದರು. ಕೊನೆಗೆ ತೀರ್ಪು ಕೊಟ್ಟರು: ಶನಿವಾರದೊಳಗೆ ಉತ್ತರ ಕಳಿಸಿದವರು ಯಾರೆಂದು ಹೇಳಬೇಕು, ಇಲ್ಲದಿದ್ದರೆ ಏಳೂ ಜನಕ್ಕೆ ಸೊನ್ನೆ, ಮನೆಗೆ ಫೋನು. ಇಂಟರ್ನಲ್ಸ್‌ನಲ್ಲಿ ಸೊನ್ನೆ ಬಿದ್ದರೆ ಸೆಮಿಸ್ಟರ್ ದಾಟುವುದು ಕನಸಿನ ಮಾತು. ಗೆಳತಿ ತನ್ನ ಪತ್ರಿಕೆಯ ಆ ಕೆಳಕ್ಕೆಯನ್ನೇ ನೋಡುತ್ತಿದ್ದಳು.

ಸಾಯಂಕಾಲದ ಬಸ್ಸಿನಲ್ಲಿ, ಹುಲ್ಲಹಳ್ಳಿ ಹತ್ತಿರವಾಗುತ್ತಿದ್ದಾಗ, ಅವಳು ನನ್ನ ಕಿವಿಯ ಹತ್ತಿರ ಬಾಯಿ ತಂದು ಹೇಳಿದಳು. "ಎಲ್ಲಾ ನನ್ನಿಂದಾನೇ ಆಯ್ತು ಕಣೇ. ನಾನು ತಪ್ಪು ಏಳ್ಕೊಟ್ಟು ಏಳು ಜನದ ಬಾಯ್ಗೆ ಮಣ್ಣಾಕ್ದೆ."

ನಾನು ಬೈದೆ. ಬೈಗುಳದಲ್ಲಿ ಸಮಾಧಾನವೂ ಇರುತ್ತದೆ ಎಂಬುದು ನನ್ನ ನಂಬಿಕೆ, ಆದರೆ ಆ ದಿನ ಅದು ಕೆಲಸ ಮಾಡಲಿಲ್ಲ. ಮಾರನೆಯ ದಿನ ಅವಳು ಬಸ್ಸಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಫೋನು ಆಫ್. ಹುಲ್ಲಹಳ್ಳಿ ಸಂತೆಗೆ ಬಂದಿದ್ದ ಅವಳ ಅವ್ವ ಸಿಕ್ಕಿ ಹೇಳಿದ್ದೆಂದರೆ, ಅವಳು ತಿ. ನರಸೀಪುರದಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಳೆ, ಅಕ್ಕ ಕೆಲಸ ಮಾಡುವ ಗಾರ್ಮೆಂಟ್ಸಿನಲ್ಲೇ ಸೋಮವಾರದಿಂದ ಇವಳೂ ಸೇರುತ್ತಾಳೆ, ಓದು ಸಾಕಂತೆ.

ನನಗೆ ನಿಜಕ್ಕೂ ಭಯವಾಯಿತು. ಅವಳ ಮೇಲಿನ ಪ್ರೀತಿ ಒಂದು ಕಡೆ. ಇನ್ನೊಂದು ಕಡೆ, ಇಷ್ಟು ಚೆನ್ನಾಗಿ ಓದುವವಳೇ ಒಂದು ಟೆಸ್ಟಿಗೆ ಹೆದರಿ ಕೈಬಿಟ್ಟರೆ ನನ್ನಂಥವಳ ಗತಿಯೇನು ಎಂಬ ಸ್ವಾರ್ಥ. ಎರಡರಲ್ಲಿ ಯಾವುದು ಹೆಚ್ಚಿತ್ತೆಂದು ತೂಗುತ್ತಾ ಕೂರಲಿಲ್ಲ. ಶನಿವಾರ ಬೆಳಗ್ಗೆ ಮೊದಲ ಬಸ್ಸಿಗೆ ನಂಜನಗೂಡಿಗೆ ಬಂದು, ಅಲ್ಲಿಂದ ನರಸೀಪುರದ ಬಸ್ಸು ಹತ್ತಿದೆ. ಹೋಗಿ ಅವಳ ಜುಟ್ಟು ಹಿಡಿದು ಎಳೆದು ತರುತ್ತೇನೆ ಎಂದು ಅಮ್ಮನಿಗೆ ಹೇಳಿಯೇ ಹೊರಟಿದ್ದೆ.

ಅಕ್ಕನದು ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ರೂಮಿನ ಬಾಡಿಗೆ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಮಡಿಸಿಟ್ಟ ಹಾಸಿಗೆ. ನಾನು ಹೋದಾಗ ಅಕ್ಕ ಕೆಲಸಕ್ಕೆ ಹೊರಡುತ್ತಿದ್ದಳು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಊಟದ ಡಬ್ಬಿ. ಗೆಳತಿ ನೆಲದ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು, ನನ್ನನ್ನು ಕಂಡು ಮುಖ ಎತ್ತಿದಳು, ಮತ್ತೆ ತಗ್ಗಿಸಿದಳು.

ನಾನು ಜಗಳಕ್ಕೆ ಸಿದ್ಧಳಾಗಿ ಬಂದಿದ್ದೆ. ಅಕ್ಕ ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ. ಕೂತ್ಕೊ ತಂಗಿ ಎಂದು ಕಾಫಿ ಕೊಟ್ಟಳು. ಇವಳು ಬಂದಾಗಿನಿಂದ ನೆಟ್ಟಗೆ ಉಂಡಿಲ್ಲ, ನಿದ್ದೆಯಲ್ಲಿ ಇಂಗ್ಲಿಷಿನಲ್ಲಿ ಏನೇನೋ ಬಡಬಡಿಸುತ್ತಾಳೆ ಎಂದಳು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ನನ್ನ ಕಡೆ ತಿರುಗಿದಳು. "ನಾನು ಎಸ್ಸೆಸ್ಸೆಲ್ಸಿಗೇ ಬುಟ್ಟೆ ಕಣವ್ವ, ಏನೂ ಸತ್ತೋಗ್ನಿಲ್ಲ. ನನ್ ಪಕ್ಕದ್ ಮಿಷನ್ನೇ ಖಾಲಿ ಐತೆ. ಇವಳನ್ನ ಅಲ್ಲಿ ಕೂರಿಸ್ಕೊಂಡು ನಾನು ನೋಡ್ಕೋತೀನಿ. ಅಳೋ ಮಗೀನ ಮತ್ತೆ ಅಲ್ಲಿಗೇ ಕಳಿಸು ಅಂದ್ರೆ ನಂಗೆ ಮನಸ್ಸು ಬರಾಕಿಲ್ಲ."

ಅಕ್ಕನ ಮಾತಿನಲ್ಲಿ ಕೊಂಕಿರಲಿಲ್ಲ, ತಂಗಿಯ ಮೇಲಿನ ಸಂಕಟವಷ್ಟೇ ಇತ್ತು. ಜುಟ್ಟು ಹಿಡಿದು ಎಳೆಯುವ ನನ್ನ ಪ್ಲಾನು ಅಲ್ಲಿಗೇ ಸಪ್ಪಗಾಯಿತು.

ಅಕ್ಕ ಹೋದ ಮೇಲೆ ನಾನೂ ಅವರೆಕಾಯಿ ಬಿಡಿಸಲು ಕೂತೆ. ವಾಪಸು ಬಾ ಎನ್ನಲಿಲ್ಲ. ಸೊನ್ನೆ ಬೀಳುವುದಂತೂ ಖಚಿತ, ಆ ಹಾಳು ಲೆಕ್ಕದ ತಪ್ಪು ಎಲ್ಲಿದೆ ಎಂದು ತಿಳಿಯದೆ ಸಾಯಲು ನನಗೆ ಇಷ್ಟವಿಲ್ಲ, ಇನ್ನೊಂದು ಸಲ ಹೇಳಿಕೊಡು ಎಂದೆ. ಬೇಡ ಕಣೇ ಎಂದಳು. ನಾನು ಎರಡು ಅವರೆಕಾಯಿ ತೆಗೆದು ಮೊರದ ಮೇಲೆ ಓರೆಯಾಗಿ ಇಟ್ಟೆ, ಒಂದು ಸನ್ನೆ, ಒಂದು ಬಲ. ಅವಳು ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಓದುವವರಿಗೆ ಲೆಕ್ಕ ಕಣ್ಣೆದುರು ಇಟ್ಟರೆ ತಡೆದುಕೊಳ್ಳುವುದು ಕಷ್ಟ. ಕೈ ಒರೆಸಿಕೊಂಡು, ನಾಲ್ಕು ಬೆರಳನ್ನು ಮೊದಲ ಕಾಯಿಯ ಉದ್ದಕ್ಕೆ ಚಾಚಿ, ಎರಡನೆಯ ಕಾಯಿಯ ಕಡೆಗೆ ಮಡಿಸಿದಳು. ಹೆಬ್ಬೆರಳು ಯಾವ ಕಡೆ ನಿಲ್ಲುತ್ತದೋ ಅದೇ ಉತ್ತರ. ಹೆಬ್ಬೆರಳು ಸೂರಿನ ಕಡೆ ನಿಂತಿತ್ತು.

ಮೇಲಕ್ಕೆ. ಸರ್ ಹೇಳಿದ್ದೇ ಉತ್ತರ.

ನಾನು ಖುಷಿಪಟ್ಟೆ. ಅವಳ ಮುಖ ಮಾತ್ರ ಇನ್ನೂ ಇಳಿದುಹೋಯಿತು. ಅವತ್ತು ಕೆಳಕ್ಕೆ ಬಂದದ್ದು ಇವತ್ತು ಮೇಲಕ್ಕೆ ಬರುತ್ತದೆ ಎಂದರೆ ತನ್ನ ತಲೆಯಲ್ಲೇ ಏನೋ ಕೆಟ್ಟಿದೆ, ಇಂಥ ತಲೆ ಇಟ್ಟುಕೊಂಡು ಓದಿ ಏನು ಮಾಡಲಿ ಎಂದಳು. ಬಿಡಿಸಿದ ಕಾಳನ್ನು ಬಟ್ಟಲಿಗೆ ಸುರಿದು ಎದ್ದಳು. ನಿನ್ನನ್ನು ಬಸ್ಸು ಹತ್ತಿಸಿ ಬರುತ್ತೇನೆ ನಡಿ ಎಂದಳು. ಮನೆಯಲ್ಲಿ ಹಾಕುವ ಹಳೆಯ ಚೂಡಿದಾರ, ಸವೆದ ಹವಾಯಿ ಚಪ್ಪಲಿ, ಅದರಲ್ಲೇ, ಬೀಗ ಹಾಕಿ ಕೀಲಿಯನ್ನು ಪಕ್ಕದ ಮನೆಗೆ ಕೊಟ್ಟು, ಆಫಾದ ಫೋನನ್ನು ಕಿಸೆಗೆ ಹಾಕಿಕೊಂಡು ಬಂದಳು. ದಾರಿಯುದ್ದಕ್ಕೂ ನಾನು ಸೋತುಹೋದವಳ ಹಾಗೆ ಅವಳ ಹಿಂದೆ ನಡೆದೆ, ಅದು ನನ್ನ ನಡಿಗೆಯಲ್ಲ.

ಸ್ಟ್ಯಾಂಡಿಗೆ ನಂಜನಗೂಡಿನ ಬಸ್ಸು ಬಂದು ಇನ್ನೂ ಪೂರ್ತಿ ನಿಂತಿರಲಿಲ್ಲ, ಜನ ಮುತ್ತಿಕೊಂಡರು. ಗೆಳತಿ ಹಳೆಯ ಚಾಳಿಯಂತೆ ಓಡಿಹೋಗಿ ಕಿಟಕಿಯಿಂದ ತನ್ನ ವೇಲನ್ನು ಒಂದು ಸೀಟಿನ ಮೇಲೆ ಎಸೆದಳು, ನನಗೆ ಜಾಗ ಹಿಡಿಯಲು. ಆಮೇಲೆ ಅದನ್ನು ಕಾಯಲು ತಾನೇ ಒಳಗೆ ನುಗ್ಗಿದಳು. ನಾನು ಹಿಂದಿನಿಂದ ಹತ್ತುವಷ್ಟರಲ್ಲಿ ಆ ಸೀಟಿನಲ್ಲಿ ಒಬ್ಬರು ದಪ್ಪ ಹೆಂಗಸು ವೇಲನ್ನು ನೀಟಾಗಿ ಮಡಿಸಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಾನು ಬಂದಾಗ ಸೀಟು ಖಾಲಿಯೇ ಇತ್ತಲ್ಲವ್ವ ಎಂದರು. ವೇಲು ವಾಪಸು ಸಿಕ್ಕಿತು, ಸೀಟು ಹೋಯಿತು. ಅಷ್ಟರಲ್ಲಿ ಹಿಂದೆ ಮುಂದೆ ಜನ ತುಂಬಿ, ನಾವಿಬ್ಬರೂ ನಡುವೆ ಕಂಬಿಗೆ ಜೋತುಬಿದ್ದೆವು. ಡ್ರೈವರ್ ಇಂಜಿನ್ ಆನ್ ಮಾಡಿದ.

ಬಸ್ಸು ಹತ್ತಿದರೆ ಪಾಠ ಎಂಬುದು ನಮಗಿಬ್ಬರಿಗೂ ರೂಢಿ. ಅದು ಬಿಟ್ಟರೆ ಅವಳನ್ನು ಇನ್ನೊಂದು ನಿಮಿಷ ಹತ್ತಿರ ಇಟ್ಟುಕೊಳ್ಳಲು ನನಗೆ ಬೇರೆ ದಾರಿಯೂ ಹೊಳೆಯಲಿಲ್ಲ. ಕೊನೇ ಸಲ ಹೇಳು, ಸರ್‌ಗೆ ನಾನಾದರೂ ಒಪ್ಪಿಸುತ್ತೇನೆ ಎಂದೆ. ಅವಳು ನಿಟ್ಟುಸಿರುಬಿಟ್ಟಳು. ಆಮೇಲೆ ಇಂಜಿನ್ ಸದ್ದಿಗೆ ಮೀರಿ ಅವಳ ಆ ಬಸ್ಸಿನ ದನಿ ತಾನಾಗಿ ಎದ್ದಿತು: ಇದು ಸನ್ನೆ, ಇದು ಬಲ, ಬೆರಳನ್ನು ಇದರಿಂದ ಇದಕ್ಕೆ ಮಡಿಸು, ಈಗ ಹೆಬ್ಬೆರಳು ನೋಡು.

ಹೆಬ್ಬೆರಳು ಬಸ್ಸಿನ ನೆಲದ ಕಡೆ ನಿಂತಿತ್ತು.

ಅವರೆಕಾಯಿ ಬಿಡಿಸುವಾಗ ಮೇಲಕ್ಕೆ, ಬಸ್ಸಿನಲ್ಲಿ ಕೆಳಕ್ಕೆ. ನಾನು ಅವಳ ಕೈಯನ್ನೇ ನೋಡಿದೆ. ಆಮೇಲೆ ನಿಧಾನವಾಗಿ ಕೇಳಿದೆ. "ಅದು ಯಾವ ಕೈಯೇ?"

ಅವಳು ಆ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡಳು. ಎಡಗೈ. ತಲೆ ಎತ್ತಿ ಕಂಬಿ ನೋಡಿದಳು. ಅದನ್ನು ಹಿಡಿದು ನೇತಾಡುತ್ತಿದ್ದದ್ದು ಬಲಗೈ. ನಿಯಮದ ಹೆಸರೇ ಬಲಗೈ ನಿಯಮ. ಪುಸ್ತಕದಲ್ಲಿ ಹಾಗೇ ಇದೆ, ನಾವು ಏಳೂ ಜನ ಪೇಪರಿನಲ್ಲಿ ಇಂಗ್ಲಿಷಿನಲ್ಲಿ ಅದನ್ನು ಒಂದಕ್ಷರ ತಪ್ಪಿಲ್ಲದೆ ಉರು ಹೊಡೆದು ಬರೆದಿದ್ದೆವು. ಆದರೆ ಹುಲ್ಲಹಳ್ಳಿ ಬಸ್ಸಿನಲ್ಲಿ ಬಲಗೈ ಕಂಬಿ ಬಿಟ್ಟರೆ ಯಾರದೋ ಮಡಿಲಲ್ಲಿ ಕೂರಬೇಕಾಗುತ್ತದೆ. ಖಾಲಿ ಇದ್ದದ್ದು ಎಡಗೈ, ಅವಳು ತೋರಿಸಿದ್ದು ಎಡಗೈಯಲ್ಲಿ, ನಾವು ಮಡಿಸಿ ಕಲಿತದ್ದೂ ಎಡಗೈಯನ್ನೇ. ಎಡಗೈಯಲ್ಲಿ ಮಾಡಿದರೆ ಉತ್ತರ ಪೂರ್ತಿ ತಿರುಗಾ ಮುರುಗಾ. ಪರೀಕ್ಷೆಯಲ್ಲಿ ಬಲಗೈಗೆ ಪೆನ್ನು ಬಂತು, ಆಗಲೂ ಎದ್ದದ್ದು ಎಡಗೈಯೇ. ಅಕ್ಕನ ಮನೆಯಲ್ಲಿ ನೆಲದ ಮೇಲೆ ಕೂತಿದ್ದಾಗ ಮಾತ್ರ ಎರಡೂ ಕೈ ಖಾಲಿ, ಅಲ್ಲಿ ತಾನಾಗಿ ಎದ್ದದ್ದು ಬಲಗೈ.

ಅವಳಿಗೆ ನಗು ಬಂತು. ಮೊದಲು ಸಣ್ಣಗೆ, ಆಮೇಲೆ ತಡೆಯಲಾರದಷ್ಟು, ಕಣ್ಣಲ್ಲಿ ನೀರು ಬರುವಷ್ಟು. ದಪ್ಪ ಹೆಂಗಸು ಗಾಬರಿಯಾಗಿ ಏನಾಯ್ತವ್ವ ಎಂದು ಕೇಳಿದರು. ತಲೆ ಕೆಟ್ಟಿಲ್ಲ ಕಣೇ, ತಲೆ ಕೆಟ್ಟಿಲ್ಲ ಎಂದು ಗೆಳತಿ ನನ್ನ ಭುಜ ಹಿಡಿದು ಅಲ್ಲಾಡಿಸಿದಳು. ಕಂಡಕ್ಟರ್ ಬಾಗಿಲಲ್ಲಿ ನಿಂತು ಇಳಿಯೋರು ಇಳ್ಕಳ್ರವ್ವ, ಬಸ್ಸು ಒಂಟೋಯ್ತದೆ ಎಂದು ಕೂಗಿದ. ನನ್ನ ಜೀವಮಾನದಲ್ಲೇ ಬಾಯಿ ಮುಚ್ಚಿಕೊಂಡಿರುವುದು ಅಷ್ಟು ಕಷ್ಟವಾದದ್ದು ಆಗ ಮಾತ್ರ. ಇಳಿ ಎನ್ನಲಿಲ್ಲ, ಬಾ ಎನ್ನಲಿಲ್ಲ. ಅವಳು ಬಾಗಿಲ ಕಡೆ ನೋಡಿದಳು, ತನ್ನ ಹವಾಯಿ ಚಪ್ಪಲಿ ನೋಡಿಕೊಂಡಳು. ಆಮೇಲೆ ವೇಲನ್ನು ಹೆಗಲಿಗೆ ಸರಿಯಾಗಿ ಹಾಕಿಕೊಂಡು ಕಂಬಿಯನ್ನು ಗಟ್ಟಿಯಾಗಿ ಹಿಡಿದಳು. ಬಸ್ಸು ಹೊರಟಿತು. ಅವಳ ಆಧಾರ್ ಅಕ್ಕನ ಮನೆಯಲ್ಲೇ ಉಳಿದಿದ್ದರಿಂದ ಆ ಬಸ್ಸಿನ ಅಷ್ಟು ಹೆಂಗಸರಲ್ಲಿ ದುಡ್ಡು ಕೊಟ್ಟು ಟಿಕೆಟ್ ತೆಗೆದವಳು ಅವಳೊಬ್ಬಳೇ ಇರಬೇಕು.

ಕಾಲೇಜಿನ ಕಾರಿಡಾರಿನಲ್ಲಿ ಉಳಿದ ಐದು ಜನ ತೂಗುಗತ್ತಿಯ ಕೆಳಗೆ ನಿಂತವರ ಹಾಗೆ ನಿಂತಿದ್ದರು. ಗೆಳತಿಯನ್ನು ನೋಡಿ ಏನೇನೋ ಕೇಳಿದರು. ನಾವು ಬಾಯಿ ಬಿಡಲಿಲ್ಲ, ಬೇಕೆಂದೇ ಬಿಡಲಿಲ್ಲ. ನಾನೊಬ್ಬಳೇ ಸ್ಟಾಫ್ ರೂಮಿನ ಒಳಗೆ ಹೋದೆ. ಸರ್ ತಲೆ ಎತ್ತದೆ, ಹೆಸರು ತಂದಿದ್ದೀಯಾ ಎಂದರು.

"ಹೆಸರು ಇಲ್ಲ ಸಾ. ನಮ್ಮೋರು ಐದು ಜನ ಆಚೆ ಅವ್ರೆ, ಅವರಿಗೆ ನಾನು ಏನೂ ಹೇಳಿಲ್ಲ. ಒಬ್ಬೊಬ್ಬರನ್ನೇ ಕರೆದು ಆ ಲೆಕ್ಕ ಮಾಡಿ ತೋರಿಸಿ ಅನ್ನಿ. ನೀವು ಅವರ ಕೈ ಮಾತ್ರ ನೋಡಿ ಸಾ."

ಇದೇನು ಹೊಸ ನಾಟಕ ಎಂಬಂತೆ ನೋಡಿದರು. ಆದರೂ ಕರೆದರು. ಮೊದಲು ಬಂದ ಹುಡುಗ ಬೆವರುತ್ತಿದ್ದ. ಲೆಕ್ಕ ಹೇಳುತ್ತಾ ಹೇಳುತ್ತಾ ಅವನ ಬಲಗೈ ತಾನಾಗಿ ಮೇಲೆದ್ದು ಪಕ್ಕದ ಕಿಟಕಿಯ ಸರಳನ್ನು ಹಿಡಿದುಕೊಂಡಿತು, ಎಡಗೈ ಬೆರಳು ಮಡಿಸಿತು. ಕೆಳಕ್ಕೆ ಸಾ ಎಂದ. ಸರ್ ಹುಬ್ಬು ಗಂಟಿಕ್ಕಿದರು. ಎರಡನೆಯವಳು ಬೀರುವಿನ ಹಿಡಿ ಹಿಡಿದಳು. ಮೂರನೆಯವನಿಗೆ ಹಿಡಿಯಲು ಏನೂ ಸಿಗದೆ ಬಲಗೈಯಲ್ಲಿ ತನ್ನ ಬ್ಯಾಗಿನ ಪಟ್ಟಿಯನ್ನೇ ಹೆಗಲ ಮೇಲೆ ಭದ್ರವಾಗಿ ಹಿಡಿದು ಎಡಗೈ ತಿರುಗಿಸಿದ. ಬಸ್ಸು ತಿರುವಿನಲ್ಲಿ ಹೋಗುತ್ತಿದೆಯೋ ಎಂಬಂತೆ ಸ್ವಲ್ಪ ವಾಲಿದ್ದ ಕೂಡ. ಅಷ್ಟು ಹೊತ್ತಿಗೆ ಸರ್ ಪೆನ್ನು ಕೆಳಗಿಟ್ಟಿದ್ದರು. ನಾಲ್ಕನೆಯವಳು ಬಂದು ಬಾಗಿಲ ಚೌಕಟ್ಟಿಗೆ ಕೈ ಹಾಕಿದಾಗ ಅವರು ನಗಲು ಶುರು ಮಾಡಿದರು. ಫಿಸಿಕ್ಸ್ ಸರ್ ನಗುವುದನ್ನು ನಾವು ಯಾರೂ ಅದುವರೆಗೆ ನೋಡಿರಲಿಲ್ಲ. ಪಕ್ಕದ ಮೇಜಿನ ಮೇಡಂ ಕೂಡ ತಿರುಗಿ ನೋಡಿದರು.

ನಗು ನಿಂತ ಮೇಲೆ ಸರ್ ತಾವೇ ಎದ್ದು ನಿಂತು, ಗಾಳಿಯಲ್ಲಿ ಕಂಬಿ ಹಿಡಿದಂತೆ ಮಾಡಿ, ಎಡಗೈ ಬೆರಳನ್ನು ಮಡಿಸಿ ನೋಡಿಕೊಂಡರು. ದಿನಾ ಹೀಗೇ ಬರುತ್ತೀರಾ ಎಂದು ಕೇಳಿದರು. ಹೌದು ಸಾ ಎಂದೆ. ಆಮೇಲೆ, ಈ ಪಾಠ ಹೇಳಿಕೊಟ್ಟವರು ಯಾರು ಎಂದರು.

ಯಾರೂ ಹೆಸರು ಹೇಳಲಿಲ್ಲ. ನಾನಂತೂ ಹೇಳುವವಳಲ್ಲ. ಅವಳೇ ಒಳಗೆ ಬಂದಳು, ಹವಾಯಿ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು, ಬರಿಗಾಲಲ್ಲಿ.

"ನಾನೇ ಸಾ. ತಪ್ಪು ಏಳ್ಕೊಟ್ಟೋಳು ನಾನೇ."

ಸರ್ ಮೇಜಿನ ಡ್ರಾಯರ್ ಎಳೆದರು. ನಿನ್ನ ದನಿಯನ್ನ ನಾನು ಈವತ್ತೇ ಕೇಳಿದ್ದು ಎಂದು, ಸೀಮೆಸುಣ್ಣ ಕೊಟ್ಟು, ಗೋಡೆಯ ಮೇಲಿದ್ದ ಸಣ್ಣ ಬೋರ್ಡು ತೋರಿಸಿದರು. ಅವಳು ಬರೆದಳು. ಮೊದಲ ಸಾಲು ನನಗೇ ಕೇಳಿಸಲಿಲ್ಲ. ಎರಡನೆಯ ಸಾಲಿಗೆ ದನಿ ಏರಿತು. ಮೂರನೆಯ ಸಾಲಿಗೆ ಅವಳು ಬಸ್ಸಿನಲ್ಲಿದ್ದಳು, ಕಾಲೇಜು ಮರೆತುಹೋಗಿತ್ತು. ಕನ್ನಡ ಇಂಗ್ಲಿಷು ಕಲಸಿಕೊಂಡು, ಮೊದಲು ಎಡಗೈ ತೋರಿಸಿ ಹೀಗೆ ಮಾಡಿದರೆ ಏಕೆ ತಪ್ಪಾಗುತ್ತದೆ, ಬಲಗೈ ತೋರಿಸಿ ಹೀಗೆ ಮಾಡಿದರೆ ಏಕೆ ಸರಿ ಎಂದು ಸ್ಟಾಫ್ ರೂಮಿಗೆಲ್ಲ ಕೇಳಿಸುವಂತೆ ಹೇಳಿ ಮುಗಿಸಿದಳು. ನನಗೆ ಆಗ ಆದ ಹೆಮ್ಮೆಯನ್ನು ನನ್ನ ಯಾವ ಅಂಕಕ್ಕೂ ನಾನು ಪಟ್ಟಿಲ್ಲ.

ಸರ್ ಕರಗಿ ನೀರಾಗಲಿಲ್ಲ. ದಿಕ್ಕಿನ ಅಂಕ ಕೊಡುವುದಿಲ್ಲ, ತಪ್ಪು ತಪ್ಪೇ ಎಂದರು. ಆದರೆ ತಪ್ಪು ದಿಕ್ಕನ್ನು ಹಿಡಿದ ಮೇಲೆ ಮುಂದಿನ ಲೆಕ್ಕವನ್ನೆಲ್ಲ ಸರಿಯಾಗಿಯೇ ಮಾಡಿದ್ದೀರಿ, ಆ ಸ್ಟೆಪ್ಪುಗಳನ್ನು ಮತ್ತೆ ನೋಡುತ್ತೇನೆ, ಕಾಪಿಯ ಮಾತು ವಾಪಸು ಎಂದರು. ಪತ್ರಿಕೆಗಳನ್ನು ಒಟ್ಟುಮಾಡುತ್ತಾ, ಎರಡನೆಯ ಯೂನಿಟ್ಟನ್ನು ಬಸ್ಸಿನಲ್ಲಿ ಯಾವಾಗ ಶುರು ಮಾಡುತ್ತೀಯಮ್ಮ ಎಂದು ಅವಳನ್ನು ಕೇಳಿದರು. ಅವಳು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಆಚೆಗೆ ನಡೆದಳು.

ಸೊನ್ನೆ ತಪ್ಪಿತು, ಮನೆಗೆ ಫೋನು ತಪ್ಪಿತು, ಆದರೆ ಸೋಮವಾರ ಹಾಗೇ ನಿಂತಿತ್ತು. ಅಕ್ಕನ ಪಕ್ಕದ ಖಾಲಿ ಮಿಷನ್ನು ಹಾಗೇ ಇತ್ತು.

ಆಚೆ ಬಂದಾಗ ಉಳಿದವರೆಲ್ಲ ಕುಣಿಯುತ್ತಾ ಕ್ಯಾಂಟೀನಿನ ಕಡೆ ಹೋದರು. ನಾವಿಬ್ಬರೂ ಮೆಟ್ಟಿಲ ಮೇಲೆ ಕೂತೆವು. ಅವಳು ಫೋನನ್ನು ಆನ್ ಮಾಡುತ್ತಿದ್ದಂತೆಯೇ ಅದು ಬಡಿದುಕೊಂಡಿತು. ಅಕ್ಕ. ಗಾರ್ಮೆಂಟ್ಸಿನ ಊಟದ ಹೊತ್ತು; ಪಕ್ಕದ ಮನೆಯವರು ಹೇಳಿರಬೇಕು, ಬಾಗಿಲಿಗೆ ಬೀಗ ಹಾಕಿ ಹೋದ ತಂಗಿ ವಾಪಸು ಬಂದಿಲ್ಲವೆಂದು. ದಿನವಿಡೀ ಮಿಷನ್ನುಗಳ ಸದ್ದಿನಲ್ಲಿ ಮಾತಾಡುವವರ ದನಿ ಅಕ್ಕನದು, ಗೆಳತಿ ಫೋನನ್ನು ಕಿವಿಗೆ ಇಟ್ಟುಕೊಂಡರೂ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಎಲ್ಲೋಗಿದ್ದೀಯೆ, ಜೀವ ಬಾಯಿಗೆ ಬಂದಿತ್ತು ಎಂದು ಬೈದಳು.

"ಕಾಲೇಜಲ್ಲಿ ಇವ್ನಿ ಕಣಕ್ಕ."

ಅಲ್ಗೆ ಯಾಕೋದೆ ಎಂದಳು ಅಕ್ಕ.

"ಅಕ್ಕ, ಸೋಮವಾರ ನಾನು ಬರಾಕಿಲ್ಲ. ನಂಗೆ ಬೆಳಗ್ಗೆ ಬಸ್ನಲ್ಲಿ ಪಾಠ ಐತೆ. ಆ ಮಿಷನ್ಗೆ ಬ್ಯಾರೆ ಯಾರ್ನಾದ್ರೂ ಕೂರಿಸ್ಕಳ್ಳಿ ಅನ್ನು ನಿಮ್ ಗಾರ್ಮೆಂಟ್ಸೋರ್ಗೆ."

ಆ ಕಡೆ ಯಾರೋ ಊಟಕ್ಕೆ ಕರೆಯುತ್ತಿದ್ದದ್ದು, ಡಬ್ಬಿಗಳ ಸದ್ದು, ಎಲ್ಲ ಕೇಳಿಸುತ್ತಿತ್ತು. ಅಕ್ಕನೇ ಕೊನೆಗೆ ಮಾತಾಡಿದಳು, ಈ ಸಲ ಮೆಲ್ಲಗೆ, ನಾನು ಗೆಳತಿಯ ತಲೆಗೆ ತಲೆ ತಾಗಿಸಿ ಕೇಳಬೇಕಾಯಿತು.

"ನಿನ್ ಬಟ್ಟೆ ಬ್ಯಾಗ್ನ ಸಾಯಂಕಾಲದ್ ಬಸ್ಗೆ ಕಂಡಕ್ಟರ್ ಕೈಲಿ ಕೊಟ್ಟು ಕಳಿಸ್ತೀನಿ. ಸ್ಟ್ಯಾಂಡ್ ತಾವ ನಿಂತು ಈಸ್ಕೊ. ಅದನ್ನ ಮಾತ್ರ ತಿರುಗಾ ಇಲ್ಗೆ ಎತ್ಕಂಡು ಬರಬ್ಯಾಡ."